ಅಂಗಳಕ್ಕೆ ಕೂಡಿಸಿದ ಬೆರಳು

ಮಂಗಳೂರಿನ ಡಾಕ್ಟರು ನನ್ನನ್ನು ಕೇಳಿದ್ದು ಎರಡೇ ಪ್ರಶ್ನೆ. ಕಾಲಿಗೆ ಏನು ಹಾಕಿಕೊಳ್ಳುತ್ತೀರಿ, ಹೆಚ್ಚಾಗಿ ಎಲ್ಲಿ ನಡೆಯುತ್ತೀರಿ ಎಂದು. ಐವತ್ತೆರಡು ವರ್ಷದ ಹೆಂಗಸು ನಾನು, ಎರಡಕ್ಕೂ ಸುಳ್ಳು ಹೇಳಿದೆ.

ಅವರು ಮಾತಿಗೆ ಮಾತು ಬೆಳೆಸಲು ಕೇಳಿದ್ದಲ್ಲ. ನನ್ನ ಬಲಗಾಲಿನ ಹೆಬ್ಬೆರಳಿನ ಬುಡದ ಕೀಲು ಪೂರ್ತಿ ಸವೆದಿತ್ತು. ಕಂಪ್ಯೂಟರಿನಲ್ಲಿ ಎಕ್ಸ್‌ರೇ ತೋರಿಸಿ, “ಇಲ್ಲಿ ಎರಡು ಎಲುಬಿನ ಮಧ್ಯೆ ಸ್ವಲ್ಪ ಜಾಗ ಇರಬೇಕಿತ್ತಮ್ಮ, ನಿಮ್ಮದರಲ್ಲಿ ಇಲ್ಲವೇ ಇಲ್ಲ. ಎಲುಬಿಗೆ ಎಲುಬು ಉಜ್ಜುತ್ತಾ ಉಂಟು. ಕೂಡಿಸಿಬಿಡುವುದೇ ಒಳ್ಳೆಯದು,” ಎಂದರು. ಕೂಡಿಸುವುದೆಂದರೆ ಕೀಲನ್ನು ಕೆರೆದು ತೆಗೆದು, ಎರಡು ಮೂಳೆಗಳನ್ನು ಒಂದಕ್ಕೊಂದು ತಾಗಿಸಿ, ಪ್ಲೇಟು ಸ್ಕ್ರೂ ಹಾಕಿ ಒಂದೇ ಮೂಳೆ ಮಾಡುವುದು. ನೋವು ಹೋಗುತ್ತದೆ, ಆದರೆ ಬೆರಳು ಇನ್ನು ಮಡಚುವುದಿಲ್ಲ. ಎಷ್ಟು ಓರೆಯಲ್ಲಿಟ್ಟು ಕೂಡಿಸಿದರೋ ಸಾಯುವ ತನಕ ಅಷ್ಟೇ ಓರೆ. “ಅದಕ್ಕೇ ಕೇಳುವುದು. ಕೆಲವರಿಗೆ ಬೆರಳನ್ನು ಸ್ವಲ್ಪ ಎತ್ತಿ ಇಡಬೇಕಾಗುತ್ತದೆ, ಕೆಲವರಿಗೆ ನೆಲಕ್ಕೆ ಹತ್ತಿರ ಇಟ್ಟರೆ ಸಾಕು,” ಎಂದು ಬಿಡಿಸಿ ಹೇಳಿದರು.

ನನ್ನ ಪಕ್ಕದ ಕುರ್ಚಿಯಲ್ಲಿ ಅತ್ತಿಗೆ ಕೂತಿದ್ದರು. ನನ್ನ ಗಂಡನ ಅಕ್ಕ. ಮದುವೆಯಾಗಿ ಮಂಗಳೂರಿಗೆ ಬಂದು ಮೂವತ್ತು ವರ್ಷ ದಾಟಿದ್ದರೂ ತವರುಮನೆಯ ಮರ್ಯಾದೆಯ ಉಸ್ತುವಾರಿ ಇವತ್ತಿಗೂ ಅವರದ್ದೇ. ಆ ಆಸ್ಪತ್ರೆ ಹುಡುಕಿದ್ದು, ಡಾಕ್ಟರ ಹತ್ತಿರ ಹೆಸರು ಬರೆಸಿದ್ದು, ಬೆಳಿಗ್ಗೆ ಬಿಸಿ ಇಡ್ಲಿ ತಿನ್ನಿಸಿ ಕರೆತಂದದ್ದು ಎಲ್ಲ ಅವರೇ. ನಾನು ಬಾಯಿ ತೆರೆಯುವ ಮೊದಲು ಅವರು ನನ್ನ ಕಡೆ ಒಮ್ಮೆ ನೋಡಿದರು.

“ಮನೆಯಲ್ಲೇ ಡಾಕ್ಟ್ರೇ,” ಎಂದೆ. “ಒಳಗೆ ಬರಿಗಾಲು, ಅಂಗಳಕ್ಕೆ ಹವಾಯಿ ಚಪ್ಪಲಿ. ದೂರ ನಡೆಯೋದು ಅಂತ ಏನೂ ಇಲ್ಲ.”

ಅತ್ತಿಗೆ ಸಮಾಧಾನದಿಂದ ಸೆರಗು ಸರಿಮಾಡಿಕೊಂಡರು. ಡಾಕ್ಟರು ಬರೆದುಕೊಂಡರು.

ನಿಜ ಏನೆಂದರೆ, ಬಾಳೂರಿನ ಕಡೆ ನಮಗಿರುವ ಆರು ಎಕರೆ ಕಾಫಿ ತೋಟವನ್ನು ಇಪ್ಪತ್ತು ವರ್ಷದಿಂದ ನಡೆಸುತ್ತಿರುವುದು ನಾನು. ನನ್ನ ಗಂಡ ಬಣಕಲ್‌ನಲ್ಲಿ ಹೈಸ್ಕೂಲು ಮೇಷ್ಟ್ರು. ಬೆಳಿಗ್ಗೆ ಏಳೂವರೆಯ ಬಸ್ಸಿಗೆ ಹೋದರೆ ಬರುವುದು ಸಂಜೆ. ಭಾನುವಾರ ಅವರು ಕೊಡೆ ಹಿಡಿದು ಕೆಳಗಿನ ರೋಬಸ್ಟಾ ಕಾಫಿಯ ಅಂಚಿನ ತನಕ ಹೋಗಿ, ಕೈ ಹಿಂದೆ ಕಟ್ಟಿಕೊಂಡು ನಿಂತು, ವಾಪಸು ಬರುತ್ತಾರೆ. ಮನೆಯ ಹಿಂದೆ ಕಡಿದಾಗಿ ಏರುವ ಗುಡ್ಡದಲ್ಲಿ ಎರಡು ಎಕರೆ ಅರೇಬಿಕಾ ಇದೆ. ಮೇಲಿನ ಬ್ಲಾಕು ಎನ್ನುತ್ತೇವೆ. ಅಲ್ಲಿಗೆ ಅವರು ಹೋಗಿ ಎಷ್ಟು ವರ್ಷವಾಯಿತೋ ಅವರಿಗೇ ನೆನಪಿರಲಾರದು. ಆದರೂ ಊರಿಗೆಲ್ಲ ಅದು ಮೇಷ್ಟ್ರ ತೋಟ. ಗೊಬ್ಬರದವರು ಫೋನು ಮಾಡುವುದು ಮೇಷ್ಟ್ರಿಗೆ. ಮೇಷ್ಟ್ರು “ಒಂದು ನಿಮಿಷ” ಎಂದು ಫೋನಿನ ಬಾಯಿಗೆ ಕೈ ಅಡ್ಡ ಹಿಡಿದು ಕೇಳುವುದು ನನ್ನನ್ನು.

ನಮ್ಮ ಮನೆಯಲ್ಲಿ ಹೆಂಗಸರಿಗೆ ಕಾಫಿ ಒಣಗಿಸುವ ಕಣದ ತನಕ ಹಾದಿ. ಕಣದಲ್ಲಿ ಒಣಹಾಕಿದ ಕಾಫಿ ಮಗುಚುವುದು, ಕಸ ಹೆಕ್ಕುವುದು, ಆಳುಗಳಿಗೆ ಕಾಫಿತಿಂಡಿ ಕೊಡುವುದು, ಅಷ್ಟು. ಕಣ ದಾಟಿ ತೋಟಕ್ಕೆ ಇಳಿದರೆ ಮನೆಗೆ ಕಷ್ಟ ಬಂದಿದೆ ಎಂದು ಅರ್ಥ. ಅತ್ತೆ ಬದುಕಿದ್ದಾಗ ಈ ಮಾತನ್ನು ಬಂದವರೆದುರು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದರು. ನಾನು ದಾಟಿದ್ದು ಕಷ್ಟದಿಂದಲ್ಲ. ಒಂದು ವರ್ಷ ಕೊಯ್ಲಿನ ಹೊತ್ತಿಗೆ ಮೇಲುಸ್ತುವಾರಿಯವನು ಕೈಕೊಟ್ಟ, ನಾನು ಹೋದೆ, ಹೋದವಳಿಗೆ ಮನೆಯೊಳಗೆ ಕೂರಲು ಮತ್ತೆ ಮನಸ್ಸು ಬರಲಿಲ್ಲ. ಮೂಡಿಗೆರೆಯ ಚಪ್ಪಲಿ ಅಂಗಡಿಯಲ್ಲಿ ಮೊದಲ ಸಲ ಗಮ್‌ಬೂಟು ತೆಗೆದುಕೊಂಡಾಗ “ನಮ್ಮ ಮನೆಯವರಿಗೆ” ಎಂದಿದ್ದೆ. ಅಂಗಡಿಯ ಸಾಹೇಬರು ಐದನೇ ನಂಬರಿನ ಬೂಟನ್ನೊಮ್ಮೆ, ನನ್ನ ಪಾದವನ್ನೊಮ್ಮೆ ನೋಡಿ, “ಮೇಷ್ಟ್ರ ಕಾಲು ಸಣ್ಣದೇ ಬಿಡಿ ಅಕ್ಕ,” ಎಂದು ನಗದೆ ಕಟ್ಟಿಕೊಟ್ಟರು. ನೆಂಟರು ಬರುತ್ತಾರೆಂದು ಗೊತ್ತಾದರೆ ಆ ಬೂಟನ್ನು ಬಚ್ಚಲಿನಲ್ಲಿ ಒಟ್ಟಿದ ಸೌದೆಯ ಹಿಂದೆ ತಳ್ಳುತ್ತಿದ್ದೆ. ಬರಬರುತ್ತಾ ಅದರ ಜಾಗವೇ ಅಲ್ಲಿ ಎಂದಾಯಿತು.

ಹೀಗೆ ಅಡಗಿಸಿಟ್ಟ ಬೂಟಿನ ಸಂಗತಿಯನ್ನು ಅತ್ತಿಗೆಯ ಎದುರು, ಎಕ್ಸ್‌ರೇಯ ಬೆಳಕಿನಲ್ಲಿ, ಒಬ್ಬ ಅಪರಿಚಿತ ಗಂಡಸಿಗೆ ಹೇಳಲು ನನ್ನ ನಾಲಿಗೆ ಏಳಲಿಲ್ಲ. ಆಗ ಅದು ಸುಳ್ಳು ಎಂದೂ ಅನ್ನಿಸಲಿಲ್ಲ. ಎಲ್ಲರೂ ಹೇಳುವುದನ್ನೇ ನಾನೂ ಹೇಳಿದ್ದೆ.

ಕೊಯ್ಲು ಮುಗಿದು, ಕಾಫಿ ಹೂ ಅರಳಿಸುವ ಹೂಮಳೆಗೆ ಇನ್ನೂ ಸಮಯವಿದ್ದಾಗ ಆಪರೇಷನ್ ಆಯಿತು. ಕಾಲುಂಗುರ ಬಿಚ್ಚಿಸಿದರು. ಪಕ್ಕದ ಬೆರಳಿನಲ್ಲಿ ಅದು ಇಪ್ಪತ್ತೇಳು ವರ್ಷ ಕೂತ ಗುರುತು ಬೆಳ್ಳಗೆ ಕಂಡಾಗ ಯಾಕೋ ಅಳು ಬಂತು. ಊರಿಗೆ ಬಂದ ಮೇಲೆ ಆರು ವಾರ ಪಾದದ ಮುಂಭಾಗ ನೆಲಕ್ಕೆ ಊರುವಂತಿರಲಿಲ್ಲ. ಹಿಮ್ಮಡಿಯ ಮೇಲೆ ಮಾತ್ರ ಭಾರ ಬೀಳುವ ದೋಣಿಯಂಥ ಚಪ್ಪಲಿ, ಕೈಗೆ ವಾಕರ್. ಕಾಲಿಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಸ್ನಾನ. ಎರಡು ದಿಂಬಿನ ಮೇಲೆ ಕಾಲಿಟ್ಟು ಮಲಗಿದ್ದಾಗಲೇ ಹೂಮಳೆ ಬಂದು, ಹತ್ತನೇ ದಿನಕ್ಕೆ ಮೇಲಿನ ಬ್ಲಾಕಿನಿಂದ ಕಾಫಿ ಹೂವಿನ ವಾಸನೆ ಕಿಟಕಿಗೆ ಬಂತು. ಗುಡ್ಡ ಬೆಳ್ಳಗಾಗಿದೆಯಂತೆ ಎಂದು ಮನೆಯವರು ಸ್ಕೂಲಿನಿಂದ ಬಂದವರು ನನಗೆ ಸುದ್ದಿ ಹೇಳಿದರು. ನನ್ನ ಗುಡ್ಡದ ಸುದ್ದಿ ನನಗೇ! ಅವತ್ತು ಅವರ ಮೇಲೆ ವಿನಾಕಾರಣ ರೇಗಿದೆ.

ಮೂಳೆ ಚೆನ್ನಾಗಿ ಕೂಡಿತು. ಅದರಲ್ಲಿ ಎರಡು ಮಾತಿಲ್ಲ. ಮೂರನೇ ತಿಂಗಳ ಎಕ್ಸ್‌ರೇಯನ್ನು ಮನೆಯವರು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದರು. ಅತ್ತಿಗೆ ಕೈ ಮುಗಿದ ಚಿತ್ರ ಕಳಿಸಿದರು. ಎಷ್ಟೋ ವರ್ಷ ಹಲ್ಲುನೋವಿನ ಹಾಗೆ ಜೀವ ಹಿಂಡಿದ ನೋವು ಹೇಳಹೆಸರಿಲ್ಲದೆ ಹೋಗಿತ್ತು. ಅಡುಗೆಮನೆಯಿಂದ ಜಗಲಿಗೆ, ಜಗಲಿಯಿಂದ ಅಂಗಳಕ್ಕೆ ಹಾಯಾಗಿ ಓಡಾಡಿದೆ. ನೋಡಿದವರೆಲ್ಲ “ಎಷ್ಟು ಚಂದ ನಡೀತೀರಿ” ಎಂದರು. ನನಗೂ ಜಂಬವಾಯಿತು.

ಆಮೇಲೆ ಒಂದು ದಿನ ಕಣ ದಾಟಿದೆ.

ಗುಡ್ಡ ಹತ್ತುವಾಗ ಹಿಂದಿನ ಕಾಲು ಏನು ಮಾಡುತ್ತದೆ ಎಂದು ಯಾರೂ ಗಮನಿಸುವುದಿಲ್ಲ. ಹಿಮ್ಮಡಿ ಏಳುತ್ತದೆ, ಪಾದ ಹೆಬ್ಬೆರಳಿನ ಬುಡದಲ್ಲಿ ಮಡಚುತ್ತದೆ, ಅಲ್ಲಿಂದ ಮೈಯನ್ನು ಮೇಲಕ್ಕೆ ನೂಕುತ್ತದೆ. ನನ್ನ ಬಲಪಾದ ಮಡಚಲಿಲ್ಲ. ಹಲಗೆಯ ಹಾಗೆ ಹಾಗೇ ಎದ್ದಿತು. ನೂಕಲು ಏನೂ ಸಿಗದೆ ಮಂಡಿ ಮುಂದಕ್ಕೆ ಕುಸಿಯಿತು. ಪಾದವನ್ನು ಹೊರಕ್ಕೆ ತಿರುಗಿಸಿ ಅಡ್ಡಡ್ಡ ಹತ್ತಿದೆ. ಇಪ್ಪತ್ತು ಗಿಡ ದಾಟುವಷ್ಟರಲ್ಲಿ ಸೊಂಟ ಹಿಡಿಯಿತು. ಮೊದಲ ದಿನ ಹಾಗೇ ಇರುತ್ತದೆ ಎಂದುಕೊಂಡು ಇಳಿದೆ. ಎರಡನೇ ದಿನವೂ, ಹತ್ತನೇ ದಿನವೂ ಹಾಗೇ ಇತ್ತು. ಗಮ್‌ಬೂಟಿನೊಳಕ್ಕೆ ಕಾಲು ಇಳಿಸುವುದೇ ಒಂದು ಯುದ್ಧ. ಬೂಟು ಹಾಕಿಕೊಳ್ಳುವಾಗ ಪಾದ ನಡುವೆ ಬಾಗಬೇಕು, ನನ್ನದು ಬಾಗುವುದಿಲ್ಲ. ಹಿಂಭಾಗ ಸೀಳಿ, ತುಂಡು ರಬ್ಬರು ಅಂಟಿಸಿಕೊಂಡೆ. ಸೀಳಿನಿಂದ ರಕ್ತ ಹೀರುವ ಉಂಬಳಗಳು ಒಳಗೆ ಬಂದವು.

ಇದಕ್ಕಿಂತ ದೊಡ್ಡ ಪೆಟ್ಟು ಕುಕ್ಕರಗಾಲಿನಲ್ಲಿ ಕೂರಲಾಗದ್ದು. ಅರೇಬಿಕಾಕ್ಕೆ ಬೋರರ್ ಎಂಬ ಹುಳ ಬೀಳುತ್ತದೆ. ಕಾಂಡದ ತೊಗಟೆಯೊಳಗೆ ಹೊಕ್ಕು ಗಿಡವನ್ನು ಒಳಗಿಂದ ತಿನ್ನುತ್ತದೆ. ಎಲೆ ಹಳದಿಯಾಗುವ ತನಕ ಕಾದರೆ ಮುಗಿಯಿತು, ಹುಳ ಪಕ್ಕದ ಗಿಡಗಳಿಗೆ ದಾಟಿರುತ್ತದೆ. ಅದಕ್ಕೆ ಮೊದಲೇ ಗಿಡಗಿಡದ ಬುಡದಲ್ಲಿ ಕೂತು, ಕಾಂಡದ ಮೇಲೆ ಹೆಬ್ಬೆಟ್ಟು ಆಡಿಸಿ, ಹುಳ ಕೊರೆದಲ್ಲಿ ತೊಗಟೆ ಏಣು ಎದ್ದಿದೆಯೇ ನೋಡಬೇಕು. ಎದ್ದಿದ್ದರೆ ಆ ಗಿಡವನ್ನು ಕಿತ್ತು ಸುಡಬೇಕು. ಈ ಕೆಲಸದಲ್ಲಿ ನನ್ನ ಕೈ ಸುಳ್ಳು ಹೇಳುವುದಿಲ್ಲ ಎಂದು ಸುತ್ತಲಿನವರೆಲ್ಲ ಒಪ್ಪುತ್ತಾರೆ. ಆ ವರ್ಷ ಬೇಸಿಗೆಯಲ್ಲಿ ನಾನು ಮಲಗಿದ್ದೆ. ಯಾರೋ ನಿಂತುಕೊಂಡೇ ನೋಡಿ “ಏನಿಲ್ಲ, ಚೆನ್ನಾಗಿದೆ” ಎಂದಿದ್ದರು. ಮಳೆ ಕಡಿಮೆಯಾದ ಮೇಲೆ ಕೆಳಗಿನಿಂದಲೇ ಗುಡ್ಡದಲ್ಲಿ ಅಲ್ಲೊಂದು ಇಲ್ಲೊಂದು ಹಳದಿ ಕಾಣತೊಡಗಿತು. ಕಣದಲ್ಲಿ ನಿಂತು ಅವನ್ನು ಎಣಿಸುತ್ತಿದ್ದೆ.

ಅಷ್ಟರಲ್ಲಿ ಮನೆಯವರು ಒಂದು ಸಂಜೆ ಮೆಲ್ಲಗೆ ಬಾಯಿಬಿಟ್ಟರು. ಪಕ್ಕದ ತೋಟದವರು ಮೇಲಿನ ಬ್ಲಾಕನ್ನು ಗುತ್ತಿಗೆಗೆ ಕೇಳಿದ್ದಾರೆ, ಗಿಡ ಕಿತ್ತು ಅವರಿಗೆ ಬೇಕಾದ್ದು ಹಾಕಿಕೊಳ್ಳುತ್ತಾರೆ, ಅಕ್ಕನಿಗೂ ಅದೇ ಸರಿ ಎನ್ನಿಸಿದೆ, ಎಂದರು.

“ನಿನ್ನ ಕಾಲಿಗೂ ರೆಸ್ಟು ಸಿಗತ್ತಲ್ಲ,” ಎಂದು ಸೇರಿಸಿದರು.

“ಅಕ್ಕನಿಗೆ ಅನ್ನಿಸ್ತಾ? ನನಗೆ ಏನನ್ನಿಸ್ತು ಅಂತ ಯಾರು ಕೇಳಿದ್ರಿ?”

“ಕೇಳ್ತಿದೀನಲ್ಲ ಈಗ.”

“ಈ ವರ್ಷದ ಬೋರರ್ ನಾನು ನೋಡ್ತೀನಿ. ನನ್ನ ಕೈಲಿ ಆಗ್ಲಿಲ್ಲ ಅಂದ್ರೆ ಕೊಡಿ,” ಎಂದುಬಿಟ್ಟೆ. ಹೇಳಿದ ಮೇಲೆ ಭಯವಾಯಿತು. ಮೇಲಿನ ಬ್ಲಾಕು ಹೋದರೆ ನನಗೆ ಉಳಿಯುವುದು ಕಣ. ಅತ್ತೆ ಹೇಳುತ್ತಿದ್ದ ಜಾಗಕ್ಕೆ ಐವತ್ತೆರಡನೇ ವಯಸ್ಸಿನಲ್ಲಿ ಹೋಗಿ ಕೂರಬೇಕು.

ಮರುದಿನವೇ ಹಟ ಹಿಡಿದು ಒಬ್ಬಳೇ ಹತ್ತಿದೆ. ಹಟ ಎನ್ನುವುದು ಕಾಲಿಗೆ ಗೊತ್ತಾಗುವುದಿಲ್ಲ. ಅರ್ಧ ಗುಡ್ಡದಲ್ಲಿ ಬಲಪಾದದ ತುದಿ ಸಿಲ್ವರ್ ಓಕ್ ಮರದ ಬೇರಿಗೆ ತಾಗಿತು. ಮಡಚುವ ಬೆರಳಾದರೆ ಬೇರಿನ ಮೇಲೆ ಹತ್ತಿ ಇಳಿಯುತ್ತಿತ್ತು, ನನ್ನದು ಢಿಕ್ಕಿ ಹೊಡೆದು ನಿಂತಿತು. ಮೈ ಮುಂದಕ್ಕೆ ಹೋಯಿತು. ನೀರು ಇಂಗಲೆಂದು ನಾನೇ ನಿಂತು ತೋಡಿಸಿದ್ದ ಗುಂಡಿಯೊಳಗೆ ಮಗುಚಿ ಬಿದ್ದೆ. ಎಲೆ, ಕೆಸರು, ಮೊಣಕೈಯಲ್ಲಿ ರಕ್ತ. ಎದ್ದು ನಿಲ್ಲಲು ಪಾದದ ತುದಿ ಊರಬೇಕಲ್ಲ? ಅದು ಆಗಲಿಲ್ಲ. ಮೂರು ಸಲ ಪ್ರಯತ್ನಿಸಿ, ಗುಂಡಿಯಲ್ಲೇ ಕೂತು ಕೂಗಿದೆ.

ನಮ್ಮಲ್ಲಿ ಇಪ್ಪತ್ತು ವರ್ಷಕ್ಕೂ ಮೊದಲಿನಿಂದ ಕೆಲಸಕ್ಕೆ ಬರುವ ಹೆಂಗಸೊಬ್ಬಳಿದ್ದಾಳೆ. ನಾನು ಮೊದಲ ಸಲ ಕಣ ದಾಟಿದ ದಿನ ಯಾವ ಗಿಡ ಹೇಗೆ ಹಿಡಿಯಬೇಕೆಂದು ತೋರಿಸಿಕೊಟ್ಟವಳು ಅವಳೇ. ಕೂಗು ಕೇಳಿ ಓಡಿಬಂದಳು.

“ಅಯ್ಯೋ ಅಮ್ಮ, ಎಂತ ಮಾಡ್ಕಂಡ್ರಿ ಇದು! ಏಳಿ, ಕೈ ಕೊಡಿ.”

“ಬೆರಳು ಮಡಚಲ್ಲ ಮಾರಾಯ್ತಿ. ಏಳಕ್ಕಾಗ್ತಿಲ್ಲ.”

“ಮಡಚಲ್ಲ ಅಂದ್ರೆ? ಆಪ್ರೇಷನ್ ಎಂತಕ್ಕೆ ಮಾಡಿದ್ದು ಮತ್ತೆ?”

“ನೋವು ಹೋಗ್ಲಿ ಅಂತ.”

ಕಂಕುಳಿಗೆ ಕೈ ಹಾಕಿ ನನ್ನನ್ನು ಎತ್ತಿ ಕೂರಿಸಿ, ಸೆರಗಿನಿಂದ ಮೊಣಕೈ ಒರೆಸುತ್ತಾ ಕೇಳಿದಳು. “ಗುಡ್ಡ ಹತ್ತೋರು ಅಂತ ಡಾಕ್ಟ್ರಿಗೆ ಹೇಳ್ಲಿಲ್ವಾ ನೀವು? ನಾವು ಹೋದ್ರೆ ಮೊದ್ಲು ಅದ್ನೇ ಹೇಳದು. ಹೊರೆ ಹೊರ್ತೀವಿ, ಗುಡ್ಡ ಹತ್ತೀವಿ ಅಂತ. ಹೇಳ್ದಿದ್ರೆ ಅವ್ರಿಗೆ ಹ್ಯಾಂಗೆ ಗೊತ್ತಾಗ್ಬೇಕು?”

ಅವಳು ನನ್ನ ಕಾಲಿನ ಉಂಬಳ ಕೀಳುತ್ತಾ ಕೂತಳು. ಅಂಗಳಕ್ಕೆ ಹವಾಯಿ ಚಪ್ಪಲಿ, ದೂರ ನಡೆಯುವುದೇನೂ ಇಲ್ಲ. ನಾನು ಹೇಳಿದ ಹೆಂಗಸಿಗೆ ಸರಿಯಾದ ಬೆರಳನ್ನೇ ಡಾಕ್ಟರು ಕೂಡಿಸಿಕೊಟ್ಟಿದ್ದರು. ಗುಡ್ಡದಲ್ಲಿ ಬಿದ್ದು ಒದ್ದಾಡುತ್ತಿದ್ದವಳು ಬೇರೆ ಹೆಂಗಸು. ಅತ್ತಿಗೆಯ ಮೇಲೆ, ಸತ್ತ ಅತ್ತೆಯ ಮೇಲೆ, ಮೇಷ್ಟ್ರ ಮೇಲೆ ಒಬ್ಬೊಬ್ಬರ ಮೇಲೂ ಸರದಿಯಲ್ಲಿ ಸಿಟ್ಟು ಬಂತು. ಆದರೆ ಬಾಯಿ ನನ್ನದೇ ಅಲ್ಲವೇ? ನಾನು ದಿನಾ ಎದ್ದು ಮಾಡಿದ, ಎಲ್ಲಕ್ಕಿಂತ ಹೆಚ್ಚು ಪ್ರೀತಿಸಿದ ಕೆಲಸವನ್ನು ಇಲ್ಲ ಎಂದಿದ್ದೆ. ಆ ನಾಚಿಕೆಯ ಮುಂದೆ ಮೊಣಕೈಯ ಉರಿ ಏನೂ ಅಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅವಳು ಕೆಳಗೆ ಹೋಗಿ ಗೊಬ್ಬರದ ಖಾಲಿ ಚೀಲ ತಂದಳು. “ನಿಂತು ಆಗಲ್ಲ ಅಂದ್ರೆ ಕೂತು ಮಾಡಿ. ನೋಡೋರು ಯಾರಿದಾರೆ ಇಲ್ಲಿ?” ಎಂದಳು.

ಹಾಗೆ ಶುರುವಾಯಿತು. ಬೆಳಿಗ್ಗೆ ಅವಳ ಹೆಗಲು ಹಿಡಿದು ಬ್ಲಾಕಿನ ತುದಿಗೆ ಹೋಗುವುದು, ಅಲ್ಲಿಂದ ಚೀಲದ ಮೇಲೆ ಕೂತು ಅಂಡು ಎಳೆದುಕೊಂಡು ಗಿಡದಿಂದ ಗಿಡಕ್ಕೆ ಇಳಿಯುತ್ತಾ ಬರುವುದು. ಎಡಗಾಲು ಊರಿ, ಬಲಗಾಲು ಉದ್ದಕ್ಕೆ ಚಾಚಿ, ಕಾಂಡಕ್ಕೆ ಹೆಬ್ಬೆಟ್ಟು. ಏಣು ಸಿಕ್ಕರೆ ಅವಳಿಗೆ ಕೂಗುತ್ತಿದ್ದೆ, ಅವಳು ಕಿತ್ತು ರಾಶಿ ಹಾಕುತ್ತಿದ್ದಳು. ನಗುವೂ ಬರುತ್ತಿತ್ತು. ಒಂದು ಸಲ ಚೀಲ ಜಾರಿ ನಾಲ್ಕು ಗಿಡದಷ್ಟು ದೂರ ಮಕ್ಕಳ ಜಾರುಬಂಡೆಯಲ್ಲಿ ಹೋದ ಹಾಗೆ ಹೋಗಿದ್ದೆ. ಆದರೆ ದಿನಕ್ಕೆ ಆಗುತ್ತಿದ್ದುದು ಮೊದಲಿನ ಕಾಲು ಭಾಗ. ಇಡೀ ಬ್ಲಾಕು ಮುಗಿಸುವ ಹೊತ್ತಿಗೆ ಹಣ್ಣು ಕೆಂಪಾಗುತ್ತಾ ಬಂದಿತ್ತು. ಸುಟ್ಟ ಗಿಡಗಳ ರಾಶಿ ಅಷ್ಟು ವರ್ಷದಲ್ಲಿ ಯಾವತ್ತೂ ಇಲ್ಲದಷ್ಟು ದೊಡ್ಡದಾಗಿತ್ತು.

ಎಲ್ಲ ಭಾರ ಹೊತ್ತ ಎಡಗಾಲು ಅದರ ಕಂದಾಯ ಕೇಳಿತು. ಎಡಗಾಲಿನ ಹೆಬ್ಬೆರಳಿನ ಬುಡ ಊದಿ, ಬೆಳಿಗ್ಗೆ ಏಳುವಾಗ ಅದೇ ಹಳೆಯ ನೋವು. ಮೊದಲ ದಿನ ಅದನ್ನು ಗುರುತು ಹಿಡಿದಾಗ ಮಂಚದ ಅಂಚಿನಲ್ಲಿ ಕೂತು ಬಿಕ್ಕಿ ಅತ್ತೆ. ಇದನ್ನೂ ಕೂಡಿಸಿದರೆ ಚೀಲದ ಮೇಲೆ ಕೂತು ಜಾರುವುದೂ ಮುಗಿಯುತ್ತದೆ.

ಮತ್ತೆ ಮಂಗಳೂರಿಗೆ ಹೊರಟೆ. ಮನೆಯವರಿಗೆ ರಜೆ ಸಿಗಲಿಲ್ಲ, ಬಸ್ಸು ಹತ್ತಿಸಿದರು. ಒಂದು ಕೈಯಲ್ಲಿ ಆಸ್ಪತ್ರೆಯ ಫೈಲು, ಇನ್ನೊಂದರಲ್ಲಿ ಬಟ್ಟೆ ಅಂಗಡಿಯ ದೊಡ್ಡ ಚೀಲ. ಚೀಲದಲ್ಲಿ ಗಮ್‌ಬೂಟು. ಘಟ್ಟ ಇಳಿಯುವಾಗ ಎರಡು ಸಲ ಅದನ್ನು ಸೀಟಿನ ಕೆಳಗೆ ಮರೆತಂತೆ ಬಿಟ್ಟುಬಿಡೋಣ ಎನ್ನಿಸಿತು.

“ಏನಿದೆ ಇದ್ರಲ್ಲಿ, ಇಷ್ಟು ಭಾರ?” ಎಂದು ಬಸ್‌ಸ್ಟ್ಯಾಂಡಿನಲ್ಲಿ ಅತ್ತಿಗೆ ಕೇಳಿದರು.

“ಡಾಕ್ಟ್ರಿಗೆ ತೋರಿಸೋಕೆ,” ಎಂದೆ.

ತೋಟದ ಕಿತ್ತಳೆ ಇರಬೇಕೆಂದುಕೊಂಡರೋ ಏನೋ, ಮತ್ತೆ ಕೇಳಲಿಲ್ಲ.

ಡಾಕ್ಟರು ಮೊದಲು ಬಲಗಾಲನ್ನು ಒತ್ತಿ ನೋಡಿ ಖುಷಿಪಟ್ಟರು. ಆಮೇಲೆ ಎಡಗಾಲು. ಎಕ್ಸ್‌ರೇ ನೋಡಿ “ಇದೂ ಅದೇ ದಾರಿ ಹಿಡಿದಿದೆಯಲ್ಲ,” ಎಂದರು. ಫೈಲು ತಿರುವಿದರು. ಅದೇ ಪ್ರಶ್ನೆ ಬರುತ್ತದೆಂದು ಗೊತ್ತಿತ್ತು, ಬಂತು. “ನೀವು ಹೆಚ್ಚಾಗಿ ಮನೆಯಲ್ಲೇ ಅಲ್ಲವಾ ಇರುವುದು?”

ಅತ್ತಿಗೆ ನನ್ನ ಬದಲು “ಹೌದು” ಎನ್ನಲು ಬಾಯಿ ತೆರೆದದ್ದು ಕಂಡಿತು. ಚೀಲದಿಂದ ಬೂಟು ತೆಗೆದು ಮೇಜಿನ ಮೇಲೆ ಇಟ್ಟೆ. ತೊಳೆದಿದ್ದೆ, ಆದರೂ ಸೀಳಿನ ಹತ್ತಿರ ಒಣಗಿದ ಕೆಂಪು ಮಣ್ಣು ಇತ್ತು.

“ಇದು ಯಾರದ್ದು?”

“ನಂದು ಡಾಕ್ಟ್ರೇ. ನಾನು ತೋಟದಲ್ಲಿ ನಡೆಯೋದು. ದಿನಾ. ಗುಡ್ಡ ಹತ್ತಿ ಇಳೀತೀನಿ. ಆವಾಗ ಸುಳ್ಳು ಹೇಳಿದ್ದೆ.”

ಡಾಕ್ಟರು ಬೂಟು ಮಗುಚಿ ತಳ ನೋಡಿದರು. ಬಲಗಾಲಿನದರ ಹೊರ ಅಂಚು ಸವೆದು ನುಣ್ಣಗಾಗಿತ್ತು. ಎಡಗಾಲಿನದರ ಮುಂಭಾಗದಲ್ಲಿ ಗೀರೇ ಉಳಿದಿರಲಿಲ್ಲ. ಎಕ್ಸ್‌ರೇ ನೋಡಿದ್ದಕ್ಕಿಂತ ಹೆಚ್ಚು ಹೊತ್ತು ಅದನ್ನು ನೋಡಿದರು.

“ಯಾಕಮ್ಮ ಹೇಳಲಿಲ್ಲ?”

“ನಾಚಿಕೆ ಆಯ್ತು.”

“ತೋಟ ನೋಡಿಕೊಳ್ಳುವುದಕ್ಕೆ ಎಂಥ ನಾಚಿಕೆ?” ಎಂದರು. ಅವರಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ಅರ್ಥ ಮಾಡಿಸುವುದು ನನ್ನಿಂದಲೂ ಆಗುತ್ತಿರಲಿಲ್ಲ.

“ಹೇಳಿದ್ದಿದ್ರೆ ಬೇರೆ ಥರ ಆಗ್ತಿತ್ತಾ?” ಎಂದು ಕೇಳಿಯೇಬಿಟ್ಟೆ.

ಅವರು ಪೆನ್ನಿನ ಮುಚ್ಚಳ ಹಾಕಿ ತೆಗೆದರು. “ಬೆರಳನ್ನು ಸ್ವಲ್ಪ ಎತ್ತಿ ಇಡುತ್ತಿದ್ದೆನೋ ಏನೋ. ಅಥವಾ ಇನ್ನೆರಡು ವರ್ಷ ತಡೆಯುವ ಅನ್ನುತ್ತಿದ್ದೆ. ಆದರೆ ಗುಡ್ಡ ಸಲೀಸಾಗಿ ಹತ್ತುತ್ತಿದ್ದಿರಿ ಅಂತ ನಾನು ಹೇಳಲಿಕ್ಕಾಗುವುದಿಲ್ಲ. ಅದು ಯಾರಿಗೂ ಗೊತ್ತಾಗುವುದಿಲ್ಲ.”

ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ. ನಿಮ್ಮದೇನೂ ತಪ್ಪಿಲ್ಲ ಎಂದಿದ್ದರೆ ಹಗುರಾಗುತ್ತಿದ್ದೆ. ಎರಡೂ ಸಿಗಲಿಲ್ಲ. ಚೆನ್ನಾಗಿ ಕೂಡಿದ ಮೂಳೆಯನ್ನು ಒಡೆದು ಮತ್ತೆ ಕೂಡಿಸುವುದು ಬೇಡ ಎಂದರು. ಎಡಗಾಲಿಗೆ ಸದ್ಯ ಆಪರೇಷನ್ ಬೇಡ, ಬೂಟಿನೊಳಗೆ ಹಾಕಲು ಗಟ್ಟಿ ತಳ ಮಾಡಿಸಿ ಕೊಡುತ್ತೇನೆ, ಎಷ್ಟು ದಿನ ಎಳೆಯುತ್ತದೋ ನೋಡುವ ಎಂದರು. ಹೊರಡುವಾಗ ಫೈಲಿನ ಮೊದಲ ಹಾಳೆ ತೆಗೆದು, “ಇಲ್ಲಿ ಗೃಹಿಣಿ ಅಂತ ಉಂಟು. ಏನು ಬರೆಯುವುದು?” ಎಂದು ಕೇಳಿದರು.

“ಕಾಫಿ ಬೆಳೆಗಾರ್ತಿ,” ಎಂದೆ. ಅತ್ತಿಗೆ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು.

ಆಟೋ ಹತ್ತಿದೆವು. ಅತ್ತಿಗೆಯ ಮನೆ ಹತ್ತಿರವಾದಾಗ ಅವರು ತಡೆಯಲಾರದೆ ಹೇಳಿದರು. “ಆ ಕೊಳಕು ಬೂಟು ಎತ್ತಿ ಡಾಕ್ಟ್ರ ಮೇಜಿನ ಮೇಲೆ ಇಡೋದಾ ಮಾರಾಯ್ತಿ? ನನ್ನ ತಮ್ಮ ನಿನ್ನನ್ನ ಆಳಿನ ಹಾಗೆ ದುಡಿಸ್ತಾನೆ ಅಂದ್ಕೊಳ್ಳಲ್ವಾ ಅವ್ರು?”

“ಅವರು ಕಳಿಸಿದ್ದಲ್ಲ ಅತ್ತಿಗೆ. ನಾನೇ ಹೋಗೋದು. ನನಗೆ ಬೇಕು ಅಂತ ಹೋಗೋದು.”

ಅವರು ನನ್ನನ್ನು ಮೊದಲ ಸಲ ನೋಡುವವರ ಹಾಗೆ ನೋಡಿದರು. ಸಿಟ್ಟಿಗಿಂತ ಗಾಬರಿ ಹೆಚ್ಚಿತ್ತು ಆ ಮುಖದಲ್ಲಿ. ಮಧ್ಯಾಹ್ನ ಊಟಕ್ಕೆ ಬಡಿಸುವಾಗ ಮಾತ್ರ ಎಂದಿನಂತೆ ಎರಡು ಸೌಟು ಸಾರು ಹೆಚ್ಚು ಹಾಕಿದರು.

ಸಂಜೆ ಊರು ಮುಟ್ಟುವಾಗ ಸಾಕುಸಾಕಾಗಿತ್ತು. ಬಸ್ಸಿನಲ್ಲಿ ಒಂದು ತೀರ್ಮಾನ ಮಾಡಿದ್ದೆ. ಇನ್ನು ಮೇಲೆ ಬೂಟು ಇರುವುದು ಮುಂಬಾಗಿಲ ಮೆಟ್ಟಿಲ ಮೇಲೆ. ಮನೆಯವರು ಬಾಗಿಲಲ್ಲೇ ನಿಂತು “ಏನಂದ್ರು ಡಾಕ್ಟ್ರು?” ಎಂದರು. “ಕೆಲಸ ಏನು ಅಂತ ಕೇಳಿದ್ರು, ಹೇಳಿದೆ,” ಎಂದಷ್ಟೇ ಹೇಳಿ ಕೈಕಾಲು ತೊಳೆಯಲು ಹೋದೆ. ಅವರು ಹಿಂದೆಯೇ ಬಂದು, “ಪಕ್ಕದ ತೋಟದವರು ನಾಳೆ ಸಂಜೆ ಬರ್ತಾರಂತೆ,” ಎಂದರು. ನಾನು ಮುಖಕ್ಕೆ ನೀರು ಹಾಕಿಕೊಂಡೆ.

ಬೆಳಿಗ್ಗೆ ಎದ್ದು ಮುಂಬಾಗಿಲು ತೆರೆದರೆ ಮೆಟ್ಟಿಲ ಮೇಲೆ ಬೂಟಿರಲಿಲ್ಲ. ಮೈಯೆಲ್ಲ ಉರಿದುಹೋಯಿತು. ಇವರದ್ದೇ ಕೆಲಸ, ಅಕ್ಕ ಫೋನು ಮಾಡಿರಬೇಕು, ತೆಗೆದು ಒಳಗಿಟ್ಟಿದ್ದಾರೆ ಎಂದುಕೊಂಡು ಜಗಳಕ್ಕೆ ಮಾತು ಜೋಡಿಸುತ್ತಾ ಬಚ್ಚಲಿಗೆ ಹೋದೆ. ಬೂಟು ಸೌದೆಯ ಹಿಂದೆ ಇತ್ತು. ಪಕ್ಕದಲ್ಲಿ ಬಟ್ಟೆ ಅಂಗಡಿಯ ಚೀಲ, ನಾನು ಯಾವಾಗಲೂ ಮಡಿಸುವ ಹಾಗೆ ನಾಲ್ಕು ಮಡಿಕೆಯಾಗಿ ಮಡಿಸಿತ್ತು. ಆಗ ನೆನಪಾಯಿತು. ಕೈಕಾಲು ತೊಳೆಯಲು ಬಂದಾಗ ಅಲ್ಲಿಟ್ಟವಳು ನಾನೇ. ಅಷ್ಟು ದೂರ ಹೊತ್ತುಕೊಂಡು ಹೋಗಿ, ಅಷ್ಟೆಲ್ಲ ಆಡಿ ಬಂದು, ನನ್ನ ಕೈಯಾರೆ ಮತ್ತೆ ಅಡಗಿಸಿದ್ದೆ.

ಬೂಟು ಎತ್ತಿಕೊಂಡು ಮುಂದಕ್ಕೆ ಬಂದು, ರಸ್ತೆಗೆ ಎದುರಾದ ಮೆಟ್ಟಿಲ ಮೇಲೆ ಕೂತು ಹಾಕಿಕೊಳ್ಳತೊಡಗಿದೆ. ಎಡಗಾಲು ಹೋಯಿತು. ಬಲಗಾಲು ಎಂದಿನಂತೆ ಅರ್ಧಕ್ಕೆ ನಿಂತಿತು. ತಳ್ಳಿದೆ, ತಿರುಗಿಸಿದೆ. ಹಾಲಿನ ಕ್ಯಾನು ಹಿಡಿದು ರಸ್ತೆಯಲ್ಲಿ ಹೋಗುತ್ತಿದ್ದ ಇಬ್ಬರು ಹೆಂಗಸರು ನಿಂತು ನೋಡಿ ಮುಂದೆ ಹೋದರು. ಕಿವಿ ಬಿಸಿಯಾಯಿತು, ಆದರೂ ಏಳಲಿಲ್ಲ.

ಮನೆಯವರು ಬಸ್ಸಿಗೆ ಹೊರಟು ಬರಿಗಾಲಲ್ಲಿ ಹೊರಗೆ ಬಂದರು. ನನ್ನನ್ನೊಮ್ಮೆ, ರಸ್ತೆಯನ್ನೊಮ್ಮೆ ನೋಡಿದರು. ಒಳಗೆ ಬಾ ಎನ್ನುತ್ತಾರೆ ಎಂದುಕೊಂಡೆ. ಅವರು ಬ್ಯಾಗು ಕೆಳಗಿಟ್ಟು, ಪ್ಯಾಂಟು ಮೇಲೆ ಎಳೆದುಕೊಂಡು, ನನ್ನೆದುರು ಕುಕ್ಕರಗಾಲಿನಲ್ಲಿ ಕೂತು ಬೂಟಿನ ಹಿಂಭಾಗದ ಸೀಳನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದರು. ಇಪ್ಪತ್ತು ವರ್ಷದಲ್ಲಿ ಅವರು ನನ್ನ ಬೂಟು ಮುಟ್ಟಿದ್ದು ಅದೇ ಮೊದಲು.

“ಸಂಜೆ ಅವರು ಬಂದ್ರೆ ನಾನೇನು ಹೇಳ್ಲಿ?” ಎಂದು ತಲೆ ಎತ್ತದೆ ಕೇಳಿದರು.

“ಕೂರಿಸಿ, ಕಾಫಿ ಕೊಡಿ. ಮೇಲಿನ ಬ್ಲಾಕಿಂದು ನಾನು ಮಾತಾಡ್ತೀನಿ.”

ಅವರು ಹೂಂ ಎಂದರು. ನಾನು ಅವರ ಪಾದ ನೋಡುತ್ತಿದ್ದೆ. ಮೈಭಾರವೆಲ್ಲ ಮುಂದಕ್ಕೆ ಬಿದ್ದು ಎರಡೂ ಹೆಬ್ಬೆರಳು ಬುಡದಲ್ಲಿ ಸಲೀಸಾಗಿ ಮಡಚಿಕೊಂಡಿದ್ದವು. ಅವು ಮಡಚಿವೆ ಎನ್ನುವುದು ಅವರಿಗೆ ಗೊತ್ತೂ ಇರಲಿಲ್ಲ. ಹೊಟ್ಟೆಕಿಚ್ಚಿನಿಂದ ಕಣ್ಣು ತುಂಬಿತು.

“ನೋವಾಗ್ತಿದ್ಯಾ?” ಎಂದರು.

“ಇಲ್ಲ. ಗಟ್ಟಿಯಾಗಿ ಹಿಡ್ಕೊಳ್ಳಿ,” ಎಂದು ಬಲಗಾಲನ್ನು ಇನ್ನೊಮ್ಮೆ ಒಳಕ್ಕೆ ತಳ್ಳಿದೆ.